ಆ ನಾಲ್ಕು ಜನ ಯಾರು?

ನಮ್ಮ ವಳ್ಳೂರಿನ ಕಡೆ ಏಳನೇ ತರಗತಿಯವರೆಗೆ ಹುಡುಗಿಯರು ಶಾಲೆಯ ಅಂಗಳದಲ್ಲಿ ಖೋ ಖೋ ಆಡುತ್ತಾರೆ. ಎಂಟಕ್ಕೆ ಬರುವ ಹೊತ್ತಿಗೆ ಅವರಲ್ಲಿ ಅನೇಕರು ಗೆರೆಯಾಚೆ ನಿಂತು ನೋಡುವವರಾಗುತ್ತಾರೆ. ಅದಕ್ಕೆ ಯಾರೂ ಫತ್ವಾ ಹೊರಡಿಸಬೇಕಾಗಿಲ್ಲ. 'ಸಾಕು ಬಿಡಮ್ಮ, ನಾಲ್ಕು ಜನ ಏನಂದಾರು' ಎಂಬ ಒಂದು ಮಾತು ಸಾಕು. ಆ ನಾಲ್ಕು ಜನರ ಮುಖ ನೋಡಬೇಕೆಂದರೆ ಸಾನಿಯಾ ಮಿರ್ಜಾಳ ಆರಂಭದ ವರ್ಷಗಳನ್ನು ನೆನಪಿಸಿಕೊಳ್ಳಬೇಕು.

ಹೈದರಾಬಾದಿನಲ್ಲಿ ಬೆಳೆದ ಈ ಹುಡುಗಿ 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದಳು. 2005ರ ಫೆಬ್ರವರಿಯಲ್ಲಿ ತನ್ನೂರಿನಲ್ಲೇ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳಾದಾಗ ಆಕೆಗೆ ಹದಿನೆಂಟು. ಅದೇ ವರ್ಷ ಅಮೆರಿಕ ಓಪನ್‌ನ ನಾಲ್ಕನೇ ಸುತ್ತು ತಲುಪಿದಳು. 2007ರಲ್ಲಿ ವಿಶ್ವದ 27ನೇ ಸ್ಥಾನಕ್ಕೇರಿದಳು.

ನಾವು ಮಾತಾಡಿದ್ದು ಮಾತ್ರ ಇದರ ಬಗ್ಗೆಯಲ್ಲ. 2005ರಲ್ಲಿ ಒಬ್ಬ ಧರ್ಮಗುರು ಆಕೆಯ ಸ್ಕರ್ಟಿನ ಉದ್ದ ಅಳೆದರು. ಕೋಲ್ಕತ್ತದಲ್ಲಿ ಆಕೆ ಪೊಲೀಸರ ಕಾವಲಿನಲ್ಲಿ ಆಡಬೇಕಾಯಿತು. ಸುರಕ್ಷಿತ ಲೈಂಗಿಕತೆಯ ಬಗ್ಗೆ ಆಡಿದ ಒಂದು ಮಾತಿಗೆ ಪ್ರತಿಕೃತಿ ಸುಟ್ಟರು. ಅಷ್ಟರಲ್ಲಿ ಇನ್ನೊಂದು ಗುಂಪೂ ಅಳತೆಪಟ್ಟಿ ಹಿಡಿದು ಬಂತು. 2008ರ ಜನವರಿಯಲ್ಲಿ ಪರ್ತ್‌ನ ಹಾಪ್‌ಮನ್ ಕಪ್‌ನಲ್ಲಿ ತೆಗೆದ ಚಿತ್ರವೊಂದರಲ್ಲಿ ಆಕೆಯ ಪಾದ ತ್ರಿವರ್ಣ ಧ್ವಜಕ್ಕೆ ಎಷ್ಟು ಸಮೀಪವಿದೆ ಎಂದು ಅಳೆದು, ದೂರನ್ನು ನ್ಯಾಯಾಲಯಕ್ಕೆ ಒಯ್ದರು. ಒಬ್ಬರಿಗೆ ದೀನ್ ಅಪಾಯದಲ್ಲಿತ್ತು, ಇನ್ನೊಬ್ಬರಿಗೆ ದೇಶ. ಇಬ್ಬರ ಕಣ್ಣೂ ಇದ್ದದ್ದು ಒಂದು ಹೆಣ್ಣಿನ ಕಾಲಿನ ಮೇಲೆ.

ಮೊದಲು ನಮ್ಮ ಮನೆಯ ಮಾತು. ಸಭ್ಯ ಉಡುಪು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಗಂಡಸಿಗೂ ಸತ್ರ್ ಇದೆ, ನಾಭಿಯಿಂದ ಮಂಡಿಯವರೆಗೆ ಮುಚ್ಚಿಕೊಳ್ಳಬೇಕೆಂದು ನಮ್ಮ ಮೌಲವಿಗಳೇ ಮಕ್ತಬ್‌ನಲ್ಲಿ ಕಲಿಸುತ್ತಾರೆ. ಚಡ್ಡಿ ತೊಟ್ಟು ಫುಟ್‌ಬಾಲ್ ಆಡುವ, ಲಂಗೋಟಿ ಕಟ್ಟಿ ಗರಡಿಗೆ ಇಳಿಯುವ ನಮ್ಮ ಹುಡುಗರ ಮಂಡಿಯನ್ನು ಯಾರಾದರೂ ಅಳೆದದ್ದುಂಟೆ? ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸಿರೆಂಬ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ. ಹೆಂಗಸರ ಮಾತು ಬರುವುದು ಅದರ ಮುಂದಿನ ಆಯತ್‌ನಲ್ಲಿ. ಮೊದಲ ಪಾಠ ಬಿಟ್ಟು ಎರಡನೆಯದಕ್ಕೆ ಬೆತ್ತ ಹಿಡಿದವರು ನಾವು.

ಇದರ ಬೆಲೆ ತೆತ್ತದ್ದು ನಮ್ಮ ಕರ್ನಾಟಕವೂ ಹೌದು. 2006ರಲ್ಲಿ ಬೆಂಗಳೂರು ಓಪನ್‌ನಲ್ಲಿ ಲೀಜಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದವಳು ಸಾನಿಯಾ. 2008ರಲ್ಲಿ ಅದೇ ಬೆಂಗಳೂರಿಗೆ ವಿಲಿಯಮ್ಸ್ ಸಹೋದರಿಯರಿಬ್ಬರೂ ಬಂದರು, ಸಾನಿಯಾ ಬರಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತೊಂದರೆ ಎದುರಾಗುತ್ತದೆ, ಆಡದಿರುವುದೇ ಲೇಸು ಎಂಬುದು ಆಕೆಯ ಮಾತಿನ ಸಾರ. ಇಪ್ಪತ್ತೊಂದರ ಹುಡುಗಿಗೆ ಸ್ವಂತ ದೇಶದ ಅಂಗಳವೇ ಭಯ ಹುಟ್ಟಿಸಿದ್ದಕ್ಕೆ ನಾವು ಯಾರೂ ತಲೆ ತಗ್ಗಿಸಲಿಲ್ಲ. ಮುಂದೆ ಆಕೆ ಆರು ಗ್ರ್ಯಾಂಡ್‌ಸ್ಲಾಮ್ ಗೆದ್ದಳು, 2015ರಲ್ಲಿ ಡಬಲ್ಸ್‌ನ ವಿಶ್ವದ ಒಂದನೇ ಸ್ಥಾನಕ್ಕೇರಿದಳು. ಅದು ಆಕೆಯ ಛಲದ ಫಲ, ನಮ್ಮ ಔದಾರ್ಯದ್ದಲ್ಲ. ಅದರ ನಡುವೆ 2014ರಲ್ಲೂ ಒಬ್ಬ ರಾಜಕಾರಣಿ ಆಕೆಯನ್ನು 'ಪಾಕಿಸ್ತಾನದ ಸೊಸೆ' ಎಂದು ಜರೆದರು.

ಸ್ಕರ್ಟು ತೊಟ್ಟರೆ ಒಬ್ಬರಿಗೆ ಸಿಟ್ಟು, ತಲೆವಸ್ತ್ರ ಹೊದ್ದರೆ ಇನ್ನೊಬ್ಬರಿಗೆ. ತಲೆವಸ್ತ್ರ ಧರಿಸಿದ ಹುಡುಗಿಯರನ್ನು ಹೊರಗಿಟ್ಟಿದ್ದ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ತನ್ನ ನಿಯಮವನ್ನು ತಿದ್ದಿಕೊಂಡದ್ದು 2017ರಲ್ಲಿ. ಅಲ್ಲಿಯವರೆಗೆ ಆಟ ಬಿಟ್ಟವರ ವಯಸ್ಸನ್ನು ಯಾರು ಮರಳಿ ಕೊಡುತ್ತಾರೆ?

ಸಾನಿಯಾಳಿಗೆ ಟೆನಿಸ್ ಬಲ್ಲ ತಂದೆಯಿದ್ದರು, ಹೆಗಲು ಕೊಡುವ ತಾಯಿಯಿದ್ದರು. ಆದ್ದರಿಂದ ಉಳಿದಳು. ಕಡಲೆಕಾಯಿ ಬಿಡಿಸಿ ಕೂಲಿ ತರುವ ತಾಯಿಯ ಮಗಳಿಗೆ ಅಂಥ ಬೆಂಬಲ ಎಲ್ಲಿದೆ? ಅವಳನ್ನು ನಿಲ್ಲಿಸಲು ಪತ್ರಿಕೆ ಬೇಕಿಲ್ಲ, ನ್ಯಾಯಾಲಯ ಬೇಕಿಲ್ಲ. ಮಸೀದಿಯ ಮುಂದೆ, ಅರಳಿಕಟ್ಟೆಯ ಮೇಲೆ, ಚಹಾದಂಗಡಿಯ ಬೆಂಚಿನಲ್ಲಿ ಕೂತ ನಾಲ್ಕು ಜನ ಸಾಕು.

ಆ ನಾಲ್ಕು ಜನ ಬೇರೆ ಯಾರೂ ಅಲ್ಲ, ನಾವೇ. ನಾವು ಎದ್ದು ಮನೆಗೆ ಹೋದರೆ ಅವಳು ಆಡಿಯಾಳು.