ಮೆಕ್ಕೆಜೋಳಕ್ಕೆ ಔಷಧಿ, ಕಡಲೆಗೆ ವಿಷ

ದಾವಣಗೆರೆ, ಹಾವೇರಿ ಸೀಮೆಯ ರೈತ ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತಿ ಅಟ್ರಜಿನ್ ಎಂಬ ಕಳೆ ಔಷಧಿ ಹೊಡೆಯುತ್ತಾನೆ. ಅವನನ್ನು ದೂರುವಂತಿಲ್ಲ. ಕಳೆ ಕೀಳಲು ಆಳು ಸಿಗದ, ಸಿಕ್ಕರೂ ಕೂಲಿ ಕೊಡಲಾಗದ ಹೊತ್ತಿನಲ್ಲಿ ಅವನಿಗೆ ಬೇರೆ ದಾರಿ ಯಾವುದು? ಹಿಂಗಾರಿಗೆ ಅದೇ ಎರೆ ಹೊಲಕ್ಕೆ ಕಡಲೆ. ಬೆಳೆ ಬದಲಿಸಿದರೆ ಭೂಮಿ ಚೇತರಿಸುತ್ತದೆಂದು ಹಿರಿಯರೂ ಹೇಳಿದರು, ಕೃಷಿ ಇಲಾಖೆಯೂ ಹೇಳುತ್ತದೆ. ಆದರೆ ಮುಂಗಾರಿನ ಔಷಧಿ ಮಣ್ಣು ಬಿಟ್ಟು ಹೋಗಿದೆಯೇ ಎಂದು ಅವನಿಗೆ ಹೇಳುವವರಾರು?

ಎಲೆಯಲ್ಲಿ ಬಿಸಿಲಿನಿಂದ ಆಹಾರ ತಯಾರಾಗುವ ಕೆಲಸವನ್ನೇ ಅಟ್ರಜಿನ್ ನಿಲ್ಲಿಸುತ್ತದೆ. ಮೆಕ್ಕೆಜೋಳ ಅದನ್ನು ಮೈಯೊಳಗೇ ಮುರಿದು ನಿರ್ವಿಷ ಮಾಡಿಕೊಳ್ಳುತ್ತದೆ; ಕಡಲೆಗೆ ಆ ಶಕ್ತಿಯಿಲ್ಲ. ಸಸಿ ಹಸುರಾಗಿಯೇ ಎದ್ದು, ಆಮೇಲೆ ಎಲೆ ಹಳದಿಯಾಗಿ ಸುಡುತ್ತದೆ. ಬೀಜವೇ ಕೆಟ್ಟದ್ದೆಂದು ರೈತ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುತ್ತಾನೆ. ಉದ್ರಿ ಕೊಟ್ಟ ಸಣ್ಣ ವ್ಯಾಪಾರಿ, ಉದ್ರಿ ತಂದ ರೈತ, ಇಬ್ಬರೂ ಬಡಿದಾಡಬೇಕು. ಔಷಧಿ ತಯಾರಿಸಿದ ಕಂಪನಿ ದೂರದಲ್ಲಿ ನೆಮ್ಮದಿಯಾಗಿರಬೇಕು!

ಈ ವಿಷವನ್ನು ತಿಂದು ಮುಗಿಸುವವು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಹಸಿ ಬೇಕು. ಅರ್ಧ ಭಾಗ ಕರಗಲು ಸುಮಾರು 60 ದಿನವೆಂದು ಲೆಕ್ಕ; ಮಳೆ ಕೈಕೊಟ್ಟರೆ, ಮಣ್ಣು ಕ್ಷಾರವಾಗಿದ್ದರೆ ಇನ್ನೂ ಹೆಚ್ಚು. ನಮ್ಮ ಎರೆಭೂಮಿ ಬಹುಪಾಲು ಕ್ಷಾರವೇ. (ವರ್ಷವರ್ಷವೂ ಹೊಡೆದ ಹೊಲದಲ್ಲಿ ಈ ಜೀವಿಗಳು ರೂಢಿಯಾಗಿ ಬೇಗ ಮುಗಿಸುವುದೂ ಉಂಟು. ಅದು ಮಣ್ಣಿನ ಪುಣ್ಯ, ಕಂಪನಿಯದಲ್ಲ.) ಅಂದರೆ ಮಳೆಯಿಲ್ಲದೆ ಮುಂಗಾರು ಕಳೆದುಕೊಂಡವನಿಗೇ ಹಿಂಗಾರೂ ಕೈತಪ್ಪುವ ಭಯ.

ಅಮೆರಿಕದಲ್ಲಿ ಮಾರುವ ಇದೇ ಔಷಧಿಯ ಚೀಟಿಯಲ್ಲಿ, ಮರುವರ್ಷದವರೆಗೆ ಮೆಕ್ಕೆಜೋಳ, ಜೋಳ ಬಿಟ್ಟು ಬೇರೇನೂ ಬಿತ್ತಬೇಡಿ ಎಂಬ ಎಚ್ಚರಿಕೆಯಿದೆ. ಯುರೋಪಿನ ಒಕ್ಕೂಟವಂತೂ ಅಂತರ್ಜಲ ಕೆಡುತ್ತದೆಂದು 2004ರಲ್ಲೇ ಪರವಾನಗಿ ನಿರಾಕರಿಸಿತು. ನಮ್ಮ ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ 27 ಔಷಧಿಗಳ ನಿಷೇಧಕ್ಕೆ ಕರಡು ಹೊರಡಿಸಿತು, ಅಟ್ರಜಿನ್ ಅದರಲ್ಲಿತ್ತು. 2023ರಲ್ಲಿ ಕೊನೆಯ ಆಜ್ಞೆ ಬಂದಾಗ ಪೂರ್ತಿ ನಿಷೇಧವಾದದ್ದು ಡೈಕೋಫಾಲ್, ಡಿನೋಕ್ಯಾಪ್, ಮೆಥೋಮಿಲ್, ಮೂರೇ. ಉಳಿದವನ್ನು ಬಿಡಿಸಿಕೊಂಡವರು ಯಾರು? ಎರಡೆಕರೆಯ ರೈತನಂತೂ ಅಲ್ಲ.

ಗಿರಣಿಯಲ್ಲಿ ದುಡಿದು ಊರಲ್ಲಿ ತುಂಡು ಹೊಲ ಉಳಿಸಿಕೊಂಡಿರುವ ಬಂಧುಗಳೇ, ಇದು ನಿಮ್ಮ ಹೊಲದ ಮಾತು. ವ್ಯಾಪಾರಿ ಮಿತ್ರರೇ, ನಿಮ್ಮ ಉದ್ರಿ ಪುಸ್ತಕದ ಮಾತು. ಈ ಔಷಧಿ ಹೊಡೆದ ಹೊಲದಲ್ಲಿ ಯಾವ ಬೆಳೆಯನ್ನು ಎಷ್ಟು ತಿಂಗಳು ಬಿತ್ತಬಾರದು ಎಂಬುದನ್ನು ಪೊಟ್ಟಣದ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಲಿ, ತಪ್ಪಿದರೆ ನಷ್ಟವನ್ನು ಕಂಪನಿಯೇ ಕಟ್ಟಿಕೊಡಲಿ ಎಂದು ಕೃಷಿ ಇಲಾಖೆಯ ಬಾಗಿಲಲ್ಲಿ ಒಟ್ಟಾಗಿ ಕೇಳೋಣ. ಅದಾಗುವವರೆಗೆ, ಜೋಳ ಒಣಗುತ್ತಿರುವಾಗಲೇ ಹೊಲದ ನಾಲ್ಕಾರು ಕಡೆಯ ಮಣ್ಣನ್ನು ಒಂದು ಕುಂಡಕ್ಕೂ, ಔಷಧಿ ಕಾಣದ ಬದುವಿನ ಮಣ್ಣನ್ನು ಇನ್ನೊಂದಕ್ಕೂ ತುಂಬಿ, ಎರಡರಲ್ಲೂ ಕಡಲೆ ಊರಿ, ನೀರು ಹಾಕಿ ಮೂರು ವಾರ ನೋಡಿರಿ. ಮೊದಲನೆಯದು ಹಳದಿಯಾದರೆ ಬೀಜಕ್ಕೆ ಸಾಲ ಮಾಡಬೇಡಿರಿ.