ಬಳ್ಳಾರಿ ಮಾದರಿಯೂ ಬಿಳಿ ಸೆರಗೂ

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾದಿದ್ದ ಇಬ್ಬರು ಹಿರಿಯರ ಮಾತು ಕಿವಿಗೆ ಬಿತ್ತು. “ಕೊರೊನಾದಾಗ ಗಂಡಸ್ರು ತಲಿ ಕೆಟ್ಟು ಕುಂತ್ರು. ಹೆಣ್ಮಕ್ಳಿಗೆ ಏನಾಗಿತ್ತು? ಮನ್ಯಾಗ ಇರೋರು ಮನ್ಯಾಗೇ ಇದ್ರು.” ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು. ಬಸ್ಸು ಬಂತು, ಹತ್ತಿ ಹೋದರು. ಮಾತು ಮಾತ್ರ ವಾರವಿಡೀ ಕೊರೆಯಿತು.

ಈ ಮಾತು ಈ ಸೀಮೆಯಲ್ಲಿ ಹುಟ್ಟಿತಲ್ಲ ಎಂಬುದೇ ನನ್ನ ಸಂಕಟ. ನನ್ನ ಹಳೆಯ ಗೀಳು ಓದುಗರಿಗೆ ಗೊತ್ತೇ ಇದೆ: ‘ಬಳ್ಳಾರಿ ಮಾದರಿ’. ಮತ್ತೆ ಶುರುವಾಯಿತು ಎಂದು ಪುಟ ಮಗುಚಬೇಡಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯನ್ನೇ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗಕ್ಕೆ ಆರಿಸಿಕೊಂಡರು. ಹೊಸಪೇಟೆ, ಸಂಡೂರು, ಆಗ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದ ಕಂಪ್ಲಿ ಎಲ್ಲವೂ ಆ ಜಿಲ್ಲೆಯವೇ. ರೋಗಿಯನ್ನು ಬೆಂಗಳೂರಿಗೆ ಸಾಗಿಸುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರು. ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ರೋಗ ಗುರುತಿಸುವುದನ್ನು ಕಲಿಸಿದರು. ಬೆರಳೆಣಿಕೆಯ ಅಗ್ಗದ ಔಷಧಿ, ಸರಳ ದಾಖಲೆ, ತಿಂಗಳಿಗೊಮ್ಮೆ ಪರಿಶೀಲನೆ, ಇಷ್ಟೇ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೂಡಿದ್ದು ಇದೇ ಅಚ್ಚಿನಲ್ಲಿ. ಮೊದಲ ಕಂತಿನ ನಾಲ್ಕು ಜಿಲ್ಲೆಗಳು ಆಂಧ್ರ, ಅಸ್ಸಾಂ, ರಾಜಸ್ಥಾನ, ತಮಿಳುನಾಡಿನವು. ಅಚ್ಚು ಕೊಟ್ಟ ಕರ್ನಾಟಕದ್ದು ಒಂದೂ ಇರಲಿಲ್ಲ. ವಿಚಾರ ಸಂಕಿರಣಗಳಲ್ಲಿ ಭಾಷಣಕಾರರು ಸಮುದಾಯ ಮನೋವೈದ್ಯಕ್ಕೆ ಉದಾಹರಣೆ ಹುಡುಕುತ್ತಾ ಸಮುದ್ರ ದಾಟುತ್ತಾರೆ. ತೋರಣಗಲ್ಲು ದಾಟಿದ್ದರೆ ಸಾಕಿತ್ತು.

ಅಂಥ ಜಿಲ್ಲೆಯಲ್ಲಿ ಹೆಂಗಸರ ಕಳವಳ ಯಾರ ಕಣ್ಣಿಗೂ ಬೀಳಲಿಲ್ಲವೆ? ಕ್ಲೋರ್‌ಪ್ರೊಮಜೀನ್, ಫಿನೋಬಾರ್ಬಿಟೋನ್‌ನಂಥ ಅಂದಿನ ಔಷಧಿಗಳ ಪಟ್ಟಿ ನೋಡುತ್ತಿದ್ದಂತೆ ನನ್ನ ಪ್ರಶ್ನೆಯೇ ಬೇರೆಯಾಯಿತು: ಕಣ್ಣಿಗೆ ಬೀಳುವ ಕಾಯಿಲೆ ಯಾವುದು? ಒಂದು ತೀವ್ರ ಮನೋರೋಗಕ್ಕೆ, ಇನ್ನೊಂದು ಮೂರ್ಛೆರೋಗಕ್ಕೆ. ಬಟ್ಟೆ ಹರಿದುಕೊಂಡು ಬೀದಿಗೆ ಬಂದವನೂ ಫಿಟ್ಸ್ ಬಂದು ಬಿದ್ದವಳೂ ಊರಿಗೆಲ್ಲ ಕಾಣುತ್ತಾರೆ. ನಿದ್ದೆಗೆಟ್ಟು, ಗಂಡನಿಗೆ ಹೆದರಿ, ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವವಳು ಆ ಪಟ್ಟಿಗೆ ಸುಲಭಕ್ಕೆ ಸಿಗುವವಳಲ್ಲ. ಹಾಗೆಂದು ಅವಳು ದವಾಖಾನೆಗೆ ಬರುವುದಿಲ್ಲವೆಂದಲ್ಲ. ಬರುತ್ತಾಳೆ. ಸೊಂಟ ನೋವು, ಅಂಗಾಲು ಉರಿ, ಸುಸ್ತು ಎನ್ನುತ್ತಾಳೆ. ಕೊನೆಗೆ ದನಿ ತಗ್ಗಿಸಿ, “ಬಿಳೇದು ಹೋಗ್ತೈತ್ರಿ.”

ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಹೆಂಗಸರನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹಿಡಿದದ್ದು. ಬಿಳಿ ಸೆರಗಿನ, ಅಂದರೆ ಬಿಳಿ ಸ್ರಾವದ, ದೂರಿಗೆ ಜನನಾಂಗದ ಸೋಂಕಿಗಿಂತ ಖಿನ್ನತೆ, ಆತಂಕಗಳ ಜೊತೆಗೇ ಗಟ್ಟಿ ನಂಟು ಕಂಡಿತ್ತು. ಸೋಂಕಿನ ತಪಾಸಣೆ ಬೇಡವೆಂದು ಇದರರ್ಥವಲ್ಲ. ತಪಾಸಣೆ ಮುಗಿದ ಮೇಲೂ ವಿಚಾರಿಸುವುದು ಉಳಿದಿರುತ್ತದೆ.

ಈಗ 2020ಕ್ಕೆ ಬನ್ನಿ. ಮಾರ್ಚ್ ಕೊನೆಗೆ ನಿಮ್ಹಾನ್ಸ್ ಸಹಾಯವಾಣಿ ತೆರೆಯಿತು. ಒಳ್ಳೆಯ ಕೆಲಸ. ಆದರೆ ಮನೆಗೊಂದೇ ಮೊಬೈಲ್, ಅದು ಗಂಡನ ಜೇಬಿನಲ್ಲಿ ಇಲ್ಲವೇ ಮಗನ ಆನ್‌ಲೈನ್ ಪಾಠದಲ್ಲಿ. ಒಂದೇ ಕೋಣೆಯ ಮನೆಯಲ್ಲಿ ಅತ್ತೆಯೆದುರು ಅವಳು ಏನೆಂದು ಹೇಳಿಕೊಂಡಾಳು?   ಮಾರ್ಚ್ 17ರಿಂದ ಜುಲೈ 5ರವರೆಗೆ ಹಂಪಿಯ ಸ್ಮಾರಕಗಳು ಮುಚ್ಚಿದ್ದವು; ಪ್ರವಾಸಿಗರನ್ನು ನಂಬಿ ಬಾಳೆಹಣ್ಣು, ಎಳನೀರು ಮಾರುವವಳ ಸಂಪಾದನೆ ನಿಂತಿತು, ಗಂಡ ಹಗಲೂ ಮನೆಯಲ್ಲೇ ಉಳಿದ.

ಲಾಕ್‌ಡೌನ್ ಶುರುವಾದ ಮೇಲಷ್ಟೇ, ಮಾರ್ಚ್ 29ರಂದು, ಸ್ಯಾನಿಟರಿ ಪ್ಯಾಡೂ ಅಗತ್ಯ ವಸ್ತುವೇ ಎಂದು ಕೇಂದ್ರ ಸ್ಪಷ್ಟಪಡಿಸಿತು. ಏಪ್ರಿಲ್ 14ರ ಮಾರ್ಗಸೂಚಿ ಗರ್ಭಪಾತವನ್ನೂ ಅಗತ್ಯ ಸೇವೆಯಲ್ಲಿ ಸೇರಿಸಿತು. ಕಾಗದದಲ್ಲಿ ಸರಿ, ಬಸ್ಸಿಲ್ಲದ ಕಂಪ್ಲಿ ಕಡೆಯ ಹಳ್ಳಿಯವಳು ಹೊಸಪೇಟೆ ಮುಟ್ಟುವುದು ಹೇಗೆ? ಉಳಿದವಳು ಆಶಾ ಕಾರ್ಯಕರ್ತೆ. ನಿರೋಧ್, ಮಾಲಾ-ಎನ್, ವಾರದ ‘ಛಾಯಾ’ ಗುಳಿಗೆ, ಗರ್ಭ ಪರೀಕ್ಷೆಯ ಕಿಟ್ ಅವಳ ಚೀಲದಲ್ಲೇ. ಬಾಗಿಲ ಮರೆಯಲ್ಲಿ “ಅಕ್ಕಾ, ಒಂದು ಮಾತು” ಎಂದು ಕರೆಯಬಹುದಾಗಿದ್ದದ್ದೂ ಅವಳನ್ನೇ. ಅವಳನ್ನು ಜ್ವರದ ಸಮೀಕ್ಷೆಗೆ ಅಟ್ಟಿದ್ದಾಯಿತು. 12,000 ರೂಪಾಯಿ ಮಾಸಿಕ ಗೌರವಧನ ಕೇಳಿ ಜುಲೈ 10ರಿಂದ ರಾಜ್ಯದ ಆಶಾಗಳು ಮುಷ್ಕರಕ್ಕೂ ಇಳಿದರು. ಕೇಳಿದ್ದು ನ್ಯಾಯವೇ.

ಬಿಳಿ ಸೆರಗಿನ ನೆಪದಲ್ಲಿ ಮನಸ್ಸು ಒಳಬರುತ್ತಿದ್ದ ಹೊರರೋಗಿ ವಿಭಾಗ, ಆಶಾಳ ಬಾಗಿಲಮಾತು ಎರಡೂ ತಪ್ಪಿದವು. ಬಾಗಿಲು ಹಾಕಿದ ಮೇಲೆ ಯಾರೂ ಬರಲಿಲ್ಲ ಎನ್ನುತ್ತಿದ್ದಾರೆ ಬಸ್ ನಿಲ್ದಾಣದ ನಮ್ಮ ಹಿರಿಯರು.

 ಹಾಗಾದರೆ ಮಾಡಬೇಕಾದದ್ದೇನು? ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದ ಮಂಗಳವಾರವೆಂಬುದೊಂದಿದೆ, ಮನೋವೈದ್ಯರು ಬರುವ ದಿನ. ಬಿಳಿ ಸೆರಗಿನವಳು ತಾನಾಗಿ ಆ ಕೊಠಡಿಗೆ ಹೋಗುವುದಿಲ್ಲ, ಸ್ತ್ರೀರೋಗದ ಸಾಲಿನಲ್ಲಿರುತ್ತಾಳೆ. ಗುಳಿಗೆ ಬರೆಯುವ ಮುಂಚೆ “ನಿದ್ದಿ ಬರ್ತೈತೇನಮ್ಮಾ? ಮನ್ಯಾಗ ಹೊಡಿತಾರೇನು?” ಎಂದು ಅಲ್ಲೇ ಕೇಳಬೇಕು. ಗಂಡ ಪಕ್ಕದಲ್ಲಿ ನಿಂತಿದ್ದರೆ ಕೇಳಿ ಉಪಯೋಗವಿಲ್ಲ. ಅವನನ್ನು ಚೀಟಿ ಮಾಡಿಸಿಕೊಂಡು ಬಾ ಎಂದು ಹೊರಗೆ ಕಳಿಸುವ ಉಪಾಯ ಹಿರಿಯ ನರ್ಸಮ್ಮಂದಿರಿಗೆ ಚೆನ್ನಾಗಿ ಗೊತ್ತು.