ನೀರಿಗೆ ಇಳಿಯುವ ದಾರಿಗಳನ್ನು ಉಳಿಸಿಕೊಡುವಂತೆ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಬೆಂಗಳೂರು

ವಿಷಯ: ಮಂಗಳೂರು ನಗರದಲ್ಲಿ ನೇತ್ರಾವತಿ, ಫಲ್ಗುಣಿ ಮತ್ತು ಕಡಲ ತೀರಕ್ಕೆ ಇರುವ ಸಾರ್ವಜನಿಕ ದಾರಿಗಳನ್ನು ಗುರುತಿಸಿ ಕಾಪಾಡುವ ಬಗ್ಗೆ.

ಮಾನ್ಯರೇ,

ಎರಡು ನದಿಗಳು ಅಳಿವೆಯಲ್ಲಿ ಕೂಡಿ ಕಡಲು ಸೇರುವ ಊರು ನಮ್ಮದು. ಇಂಥ ಊರಿನಲ್ಲಿ ನೀರಿಗಿಳಿಯಲು ದಾರಿ ಹುಡುಕಬೇಕಾಗಿದೆ. ನಮ್ಮ ವಾರ್ಡಿನ ಓಣಿಯೊಂದು ನೇರ ಹೊಳೆಗೆ ಹೋಗುತ್ತಿತ್ತು. ಕೊನೆಗೆ ಮುರಕಲ್ಲಿನ ಏಳು ಮೆಟ್ಟಿಲು. ಈಗ ಮೆಟ್ಟಿಲಿನ ಮುಂದೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಮರುವಾಯಿ (ಚಿಪ್ಪು) ಹೆಕ್ಕುವ ಹೆಂಗಸರು ಬುಟ್ಟಿ ಹಿಡಿದು ಮುಖ್ಯರಸ್ತೆ ಸುತ್ತಿ ಬರುವಷ್ಟರಲ್ಲಿ ನೀರು ಏರಿರುತ್ತದೆ, ಆ ದಿನದ ದುಡಿಮೆ ಹೋದಂತೆಯೇ. ಕೇಳಿದರೆ, ಓಣಿ ದಾಖಲೆಯಲ್ಲಿ ಇಲ್ಲ ಎನ್ನುತ್ತಾರೆ. ಅಜ್ಜ ಅಜ್ಜಿಯರು ನಡೆದ ದಾರಿಗೆ ಕಾಗದ ಮಾಡಿಸಿಡಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ನದಿ, ಕಡಲತೀರಗಳು ಜನರ ಸ್ವತ್ತು, ಸರ್ಕಾರ ಅವುಗಳ ಧರ್ಮದರ್ಶಿ ಮಾತ್ರ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ, ಕಮಲ್‌ನಾಥ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. 2011ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯ ಮಾರ್ಗಸೂಚಿಯಂತೂ ತೀರದ ಎರಡು ಹೋಟೆಲ್ ಅಥವಾ ರೆಸಾರ್ಟ್‌ಗಳ ನಡುವೆ ಜನರ ಓಡಾಟಕ್ಕೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂದಿತ್ತು. ರೆಸಾರ್ಟಿನ ಪಕ್ಕ ಅಷ್ಟು ಜಾಗ ಬೇಕೆಂದಾದರೆ, ಊರಿನ ಹಳೆಯ ಓಣಿಗೆ ಆರು ಅಡಿಯಾದರೂ ಉಳಿಯಬೇಡವೇ?

ತೀರದಲ್ಲಿ ನಡಿಗೆಪಥ, ಉದ್ಯಾನ ಬರುವುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಟಿಕೆಟ್ ಪಡೆದು ಸಂಜೆ ಸುತ್ತಾಡುವ ಜಾಗ ಬೇರೆ. ನಸುಕಿನಲ್ಲಿ ದೋಣಿ ಇಳಿಸುವ, ಬಲೆ ಒಣಗಿಸುವ, ಸತ್ತವರ ಬೂದಿ ಬಿಡುವ ದಡ ಬೇರೆ. ಮೊದಲನೆಯದು ಬಂದಾಗ ಎರಡನೆಯದು ಹೋಗಬಾರದು.

ಆದ್ದರಿಂದ, ನಗರ ವ್ಯಾಪ್ತಿಯಲ್ಲಿ ನೀರಿಗಿಳಿಯುವ ಪ್ರತಿಯೊಂದು ದಾರಿಯನ್ನು ಸ್ಥಳೀಯರ, ಮುಖ್ಯವಾಗಿ ಮೀನುಗಾರ ಕುಟುಂಬಗಳ ಹೇಳಿಕೆ ಪಡೆದು ನಕ್ಷೆಗೆ ಏರಿಸಬೇಕು. ಅಲ್ಲಿಯವರೆಗೆ ತೀರದ ಯಾವ ಹೊಸ ಕಾಮಗಾರಿಗೂ ಅನುಮತಿ ಕೊಡಬಾರದು. ಈಗಾಗಲೇ ಹಾಕಿರುವ ಬೀಗಗಳನ್ನು ತೆಗೆಸಬೇಕು. ಹೊಳೆಯನ್ನು ನಂಬಿ ಬದುಕುವವರಿಗೆ ಶುಲ್ಕವನ್ನಾಗಲಿ ಸಮಯದ ಕಟ್ಟನ್ನಾಗಲಿ ಹೇರಬಾರದು.

ಸ್ಥಳ ತನಿಖೆಗೆ ಬರುವಾಗ ದಯವಿಟ್ಟು ನೀರಿಳಿದ ಹೊತ್ತನ್ನೇ ಆರಿಸಿ, ಒಂದು ದಿನ ಮುಂಚೆ ತಿಳಿಸಿ. ಮರುವಾಯಿ ಹೆಕ್ಕುವ ಹೆಂಗಸರು ಆ ಗೇಟಿನ ಬಳಿಯೇ ತಮಗಾಗಿ ಕಾಯುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ನದಿತೀರದ ನಿವಾಸಿಗಳು, ಮಂಗಳೂರು